ಮದುವೆಮನೆಯಲ್ಲಿ ಬದಲಾದ ಹಾರ್ಡ್ ಡಿಸ್ಕ್

ಮದುವೆ ಫೋಟೋಗಳು ರೀಲು ಬಿಟ್ಟು ಡಿಜಿಟಲ್ ಆಗುತ್ತಿದ್ದ ವರ್ಷಗಳಲ್ಲಿ ನಾನು ಕೊಪ್ಪದ ಬಾಡಿಗೆ ಮನೆಯೊಂದರಲ್ಲಿ ಕೂತು ಆಲ್ಬಂ ಡಿಸೈನ್ ಮಾಡುತ್ತಿದ್ದೆ. ಸ್ಟುಡಿಯೋದವರಿಗೆ ಕ್ಯಾಮೆರಾ ಹಿಡಿಯುವುದು ಗೊತ್ತಿತ್ತು. ಕಂಪ್ಯೂಟರಿನಲ್ಲಿ ಕೂತು ಫೋಟೋ ಕತ್ತರಿಸಿ, ಬಣ್ಣ ಸರಿಮಾಡಿ, ಪುಟ ಜೋಡಿಸುವಷ್ಟು ಪುರುಸೊತ್ತು ಇರಲಿಲ್ಲ. ಶೃಂಗೇರಿಯಿಂದ, ನರಸಿಂಹರಾಜಪುರದಿಂದ ಸೀಡಿಗಳು ಬಸ್ಸಿನಲ್ಲಿ ಕವರಿನೊಳಗೆ ಬರುತ್ತಿದ್ದವು. ನಾನು ಬಸ್‌ಸ್ಟ್ಯಾಂಡಿಗೆ ಹೋಗಿ ಕಂಡಕ್ಟರ್ ಕೈಯಿಂದ ಇಸಿದುಕೊಂಡು ಬರುತ್ತಿದ್ದೆ. ಎಷ್ಟೋ ಫೋಟೋಗ್ರಾಫರುಗಳ ಮುಖವನ್ನೇ ನಾನು ನೋಡಿರಲಿಲ್ಲ, ಫೋನಿನಲ್ಲಿ ದನಿ ಮಾತ್ರ ಪರಿಚಯ.

ಕೆಲಸವೆಲ್ಲ ಒಂದು ಲ್ಯಾಪ್‌ಟಾಪಿನಲ್ಲಿ. ಮಂಗಳೂರಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ನನ್ನ ಗಂಡ ತಂದುಕೊಟ್ಟಿದ್ದರು. ದೊಡ್ಡ ಕಂಪ್ಯೂಟರ್ ಇಟ್ಟುಕೊಂಡರೆ ಕರೆಂಟ್ ಹೋದಾಗಲೆಲ್ಲ ಮಾಡಿದ ಕೆಲಸವೂ ಹೋಗುತ್ತಿತ್ತು, ಅದಕ್ಕೇ ಲ್ಯಾಪ್‌ಟಾಪ್. ಮೊದಲ ವರ್ಷ ಚೆನ್ನಾಗಿಯೇ ಓಡಿತು. ಆಮೇಲೆ ಕ್ಯಾಮೆರಾಗಳು ದೊಡ್ಡವಾದವು, ಫೋಟೋಗಳೂ ದೊಡ್ಡವಾದವು. ನನ್ನ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ನಲವತ್ತು ಜಿಬಿಯದು. ಮೂರು ಮದುವೆ ಹಾಕಿದರೆ ‘ಜಾಗ ಇಲ್ಲ’ ಎಂಬ ಚೀಟಿ ಪರದೆಯ ಮೂಲೆಯಲ್ಲಿ ಮೇಲೇಳುತ್ತಿತ್ತು. ಹಳೆಯದನ್ನು ಸೀಡಿಗೆ ಹಾಕಿ ಅಳಿಸಬೇಕು, ಹೊಸದನ್ನು ತುಂಬಬೇಕು. ಒಂದು ಪುಟ ತೆರೆಯಲು ಬಿಟ್ಟು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದರೂ ಅದಿನ್ನೂ ಕಿರುಗುಟ್ಟುತ್ತಲೇ ಇರುತ್ತಿತ್ತು.

ವೈಶಾಖ ಬಂತು. ದಿನಕ್ಕೊಂದು ಮುಹೂರ್ತ. ನರಸಿಂಹರಾಜಪುರದ ಫೋಟೋಗ್ರಾಫರ್ ಒಬ್ಬರು, ನನಗೆ ಎಲ್ಲರಿಗಿಂತ ಹೆಚ್ಚು ಕೆಲಸ ಕೊಡುತ್ತಿದ್ದವರು, ಫೋನ್ ಮಾಡಿದರು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕೈ ಕೆಲ್ಸ ಚಂದ. ಆದ್ರೆ ನಿಮ್ಮ ಮಿಷಿನ್ನಿಗೆ ವಯಸ್ಸಾಗಿದೆ. ಮದುಮಗಳು ಬಸುರಿಯಾಗಿ ಬಾಣಂತನಕ್ಕೆ ಬಂದ್ರೂ ಆಲ್ಬಂ ಬಂದಿಲ್ಲ ಅಂತ ಜನ ಬೈತಾರೆ. ಈ ಸಲ ಶಿವಮೊಗ್ಗಕ್ಕೆ ಕೊಡ್ತೀನಿ.”

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಫೋನಿಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಮಾರನೇ ದಿನವೇ ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು ಶಿವಮೊಗ್ಗದ ಬಸ್ ಹತ್ತಿದೆ.

ಅಲ್ಲಿನ ರಿಪೇರಿ ಅಂಗಡಿಯಾತ ನೋಡಿ, “ಡಿಸ್ಕ್ ದೊಡ್ಡದು ಹಾಕಿದ್ರೆ ಜಾಗಾನೂ ಆಗ್ತದೆ, ಸ್ಪೀಡೂ ಬರ್ತದೆ. ಇದು ನಿಧಾನ ತಿರುಗೋ ಡಿಸ್ಕು. ಆದ್ರೆ ಈಗ ಆಗಲ್ಲ ಮೇಡಂ, ಬಿಟ್ಟು ಹೋಗಿ. ಒಳಗಿರೋದು ಉಳೀತದೆ ಅಂತ ಗ್ಯಾರಂಟಿ ಕೊಡಲ್ಲ” ಎಂದ.

ಒಳಗಿದ್ದದ್ದು ಮೂರು ಮನೆಯವರ ಮದುವೆ. ಅದನ್ನು ಗ್ಯಾರಂಟಿ ಇಲ್ಲದೆ ಬಿಟ್ಟುಬರುವುದು ಹೇಗೆ? ಅಷ್ಟರಲ್ಲಿ ಆತ ಯಾವ ತರಹದ ಡಿಸ್ಕ್ ಎಂದು ನೋಡಲು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಹಿಂದಿನ ಪುಟ್ಟ ಮುಚ್ಚಳ ಬಿಚ್ಚಿ, ಡಿಸ್ಕನ್ನು ಮೇಜಿನ ಖಾನೆ ಎಳೆದಂತೆ ಹೊರಗೆಳೆದ. ಓದಿಕೊಂಡು ಮತ್ತೆ ತಳ್ಳಿದ. ಅಷ್ಟೇನಾ ಅನ್ನಿಸಿತು ನನಗೆ.

“ಇದನ್ನ ನಾನೇ ಮಾಡಬಹುದಾ?”

ಆತ ನಕ್ಕ. “ಬೇಡ ಮೇಡಂ. ಪಿನ್ನು ಬಗ್ಗಿದ್ರೆ ಮುಗೀತು.”

ನಾನು ಹಟ ಹಿಡಿದೆ. ನೂರಾ ಇಪ್ಪತ್ತು ಜಿಬಿಯ ಹೊಸ ಡಿಸ್ಕ್, ಅದನ್ನು ಹೊರಗಿನಿಂದ ವೈರಿನಲ್ಲಿ ಜೋಡಿಸುವ ಒಂದು ಕೇಸ್, ಹಳೆಯದರಲ್ಲಿ ಇದ್ದದ್ದನ್ನೆಲ್ಲ ಇದ್ದ ಹಾಗೇ ಹೊಸದಕ್ಕೆ ಇಳಿಸುವ ಸಾಫ್ಟ್‌ವೇರ್ ಸೀಡಿ, ಒಂದು ಸಣ್ಣ ಸ್ಕ್ರೂಡ್ರೈವರ್ ತೆಗೆದುಕೊಂಡೆ. ಹೊರಡುವಾಗ ಆತ ಪಾಪ ಒಂದು ಮಾತು ಹೇಳಿದ. “ಕಾಪಿ ನಡುವೆ ನಿಲ್ಬಾರ್ದು. ನಿಂತ್ರೆ ಮತ್ತೆ ಮೊದಲಿಂದ.”

ನಿಂತೇ ಹೋಯಿತು. ಬೇಸಿಗೆ, ಲೋಡ್ ಶೆಡ್ಡಿಂಗ್. ಬ್ಯಾಟರಿಯೂ ಲ್ಯಾಪ್‌ಟಾಪಿನಷ್ಟೇ ಹಳೆಯದು, ಕರೆಂಟ್ ಹೋದ ಸ್ವಲ್ಪ ಹೊತ್ತಿಗೇ ಕಣ್ಣು ಮುಚ್ಚುತ್ತಿತ್ತು. ಬೆಳಿಗ್ಗೆ ಹಚ್ಚಿದೆ, ಅರ್ಧಕ್ಕೆ ನಿಂತಿತು. ಮಧ್ಯಾಹ್ನ ಹಚ್ಚಿದೆ, ಮತ್ತೆ ನಿಂತಿತು. ಆಗ ಭಂಡಿಗಡಿಯಿಂದ ಅಮ್ಮ ಬಂದಿದ್ದಳು.

ಅಮ್ಮ ಬಟ್ಟೆ ಹೊಲಿಯುವವಳು. ಅಪ್ಪ ತೋಟಗಳಲ್ಲಿ ಕೂಲಿಗೆ ಹೋದರೆ ಅಮ್ಮ ಜಗಲಿಯಲ್ಲಿ ಮಿಷಿನ್ ತುಳಿದು ನಮ್ಮನ್ನು ಓದಿಸಿದಳು. ಸುತ್ತಲಿನ ಮದುವಣಗಿತ್ತಿಯರ ರವಿಕೆಯೆಲ್ಲ ಅವಳದೇ. ಹೊಲಿಗೆ ಮಿಷಿನ್ ಕೆಟ್ಟರೆ ಪೇಟೆಗೆ ಹೊತ್ತುಕೊಂಡು ಹೋಗುವವರು ಯಾರು? ಅವಳೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸುತ್ತಿದ್ದಳು. ಕಂಪ್ಯೂಟರ್ ಎಂದರೆ ಅವಳಿಗೆ ಟೀವಿಯ ತಂಗಿ, ಅಷ್ಟೆ. ನನ್ನ ಒದ್ದಾಟ ನೋಡಿ, “ನಾಡಿದ್ದು ಶೃಂಗೇರಿಗೆ ಮದುವೆಗೆ ಹೋಗ್ಬೇಕಲ್ಲ. ಅಡ್ಡಗದ್ದೆ ಊರಿನ ಹುಡುಗಿದು. ಛತ್ರದಲ್ಲಿ ಜನರೇಟರ್ ಇರ್ತದೆ. ಅಲ್ಲೇ ಕೂತು ಮಾಡು ಮಾರಾಯ್ತಿ” ಎಂದಳು.

“ಮದುವೆಮನೆಗೆ ಯಾರಾದ್ರೂ ಇದನ್ನ ಹೊತ್ಕೊಂಡು ಹೋಗ್ತಾರಾ ಅಮ್ಮ?”

“ಬಡಿಸೋರು ಬಕೆಟ್ ಹೊತ್ಕೊಂಡು ಬರಲ್ವಾ? ಇದೂ ಕೆಲ್ಸವೇ.”

ಹಾಗೆ ರೇಷ್ಮೆ ಸೀರೆ ಉಟ್ಟು, ಹೆಗಲಿಗೆ ಲ್ಯಾಪ್‌ಟಾಪ್ ಹಾಕಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಶೃಂಗೇರಿಗೆ ಹೊರಟೆ. ಮದುಮಗಳ ತಾಯಿಗೆ ಅಮ್ಮ ಏನು ಹೇಳಿದಳೋ, ಅವರು ಅಡುಗೆಮನೆಯ ಪಕ್ಕದ ಕೋಣೆ ತೋರಿಸಿ, “ಅಲ್ಲಿ ಪ್ಲಗ್ ಇದೆ. ಒಳಗೆ ಅತ್ತೆ ಮಲಗಿದಾರೆ, ಅವರಿಗೂ ಒಂದು ಜನ ಆದ ಹಾಗಾಯ್ತು” ಎಂದರು.

ಮಂಚದ ಮೇಲೆ ಮಲಗಿದ್ದವರು ಮದುಮಗಳ ಅಜ್ಜಿ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಜೀಪಿನಲ್ಲಿ ಮಲಗಿಸಿಕೊಂಡು ಛತ್ರದವರೆಗೆ ಕರೆತಂದಿದ್ದರು. ಮಂಟಪದ ಹತ್ತಿರ ಕೂರಲು ಆಗುತ್ತಿರಲಿಲ್ಲ. ಎತ್ತಿಕೊಂಡು ಹೋಗುತ್ತೇವೆಂದರೆ, ಮದುವೆ ಬಿಟ್ಟು ಎಲ್ಲರೂ ನನ್ನನ್ನೇ ನೋಡುತ್ತಾರೆ ಎಂದು ಬೇಡವೆಂದಿದ್ದರಂತೆ. ಗೋಡೆಯಾಚೆಯ ವಾಲಗ ಕೇಳುತ್ತಾ ಮಲಗಿದ್ದರು.

ನಾನು ಕಿಟಕಿಯ ಕೆಳಗೆ ಚಾಪೆ ಹಾಸಿ ಲ್ಯಾಪ್‌ಟಾಪ್ ಇಟ್ಟು, ಹೊಸ ಡಿಸ್ಕನ್ನು ಕೇಸಿಗೆ ಹಾಕಿ, ವೈರು ಚುಚ್ಚಿ ಕಾಪಿ ಶುರುಮಾಡಿದೆ. ಪರದೆಯ ಮೇಲೆ ಹಸಿರು ಪಟ್ಟಿ ಇರುವೆಯಂತೆ ಹರಿಯತೊಡಗಿತು.

“ಎಂತ ಹುಡುಗಿ ಅದು?” ಅಜ್ಜಿ ಕೇಳಿದರು.

“ಹಳೆ ಪೆಟ್ಟಿಗೇಲಿ ಇರೋದನ್ನ ಹೊಸ ಪೆಟ್ಟಿಗೆಗೆ ತುಂಬ್ತಾ ಇದೀನಿ ಅಜ್ಜಿ.”

“ಸರಿ, ಸೀರೆ ಮಡಿಕೆ ಕೆಡದ ಹಾಗೆ ತುಂಬು.”

ಅಜ್ಜಿ ತಮ್ಮ ಮದುವೆಯ ಕಥೆ ಹೇಳತೊಡಗಿದರು. ದಿಬ್ಬಣ ಸಿರಿಮನೆಯ ಕಡೆಯಿಂದ ನಡೆದು ಬಂದದ್ದು, ದಾರಿಯಲ್ಲಿ ವರನ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿ ಧಾರೆಯ ಹೊತ್ತಿನಲ್ಲಿ ಪಂಚೆ ರಕ್ತವಾದದ್ದು. ನಾನು ನಗುತ್ತಾ ಕೇಳುತ್ತಿದ್ದೆ. ಹಸಿರು ಪಟ್ಟಿ ಮುಕ್ಕಾಲು ದಾಟಿತ್ತು. ಫ್ಯಾನ್ ನಿಧಾನವಾಗಿ ನಿಂತಿತು.

ಕರೆಂಟ್ ಹೋಗಿತ್ತು.

ಪರದೆ ಮಂಕಾಯಿತು, ಬ್ಯಾಟರಿಗೆ ಬಂತು. ಜನರೇಟರ್ ಸದ್ದಿಗೆ ಕಿವಿ ಕೊಟ್ಟೆ. ಸದ್ದೇ ಇಲ್ಲ. ಬ್ಯಾಟರಿಯ ಗುರುತು ಕೆಂಪಾಯಿತು. “ಅಮ್ಮಾ!” ಎಂದು ಕೂಗಿದೆ. ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿದ್ದ ಅಮ್ಮ ನನ್ನ ಮುಖ ನೋಡಿಯೇ ಬುಟ್ಟಿಯನ್ನು ಅಜ್ಜಿಯ ಮಂಚದ ಮೇಲಿಟ್ಟು, ಸೀರೆ ಎತ್ತಿಕಟ್ಟಿ ಓಡಿದಳು. ಊಟದ ಹಾಲ್‌ನಿಂದ ಅವಳ ದನಿ ನನ್ನವರೆಗೂ ಕೇಳಿಸಿತು.

“ಜನರೇಟರಿನವರು ಯಾರು? ನೀವಾ? ಕೇಸರಿಬಾತ್ ಎಲ್ಲಿಗೂ ಹೋಗಲ್ಲ, ಏಳಿ ಮಾರಾಯ್ರೇ! ಅಲ್ಲಿ ನನ್ನ ಮಗಳ ಕೆಲ್ಸ ನಿಂತು ಹೋಗ್ತದೆ!”

ಲ್ಯಾಪ್‌ಟಾಪ್ ಕುಂಯ್ ಎಂದು ಎಚ್ಚರಿಕೆ ಕೊಟ್ಟಿತು. ಆಗ ಹಿತ್ತಲ ಕಡೆ ಜನರೇಟರ್ ಕೆಮ್ಮಿತು, ಮತ್ತೊಮ್ಮೆ ಕೆಮ್ಮಿ ಗುಡುಗಿತು. ಫ್ಯಾನ್ ತಿರುಗಿತು. ಪರದೆ ಬೆಳಗಿತು. ಹಸಿರು ಪಟ್ಟಿ ನಿಂತಿರಲಿಲ್ಲ. ಅಜ್ಜಿ ಮಲಗಿದ್ದಲ್ಲೇ ಕೈಮುಗಿದರು.

ಕಾಪಿ ಮುಗಿದ ಮೇಲೆ ಎಲ್ಲ ಆರಿಸಿ, ಬ್ಯಾಟರಿ ತೆಗೆದು, ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ಅಮ್ಮ ಎದುರಿಗೆ ಕೂತು ಒಂದು ರವಿಕೆ ಕಣ ಹಾಸಿದಳು. “ಬಿಚ್ಚಿದ್ದನ್ನ ಬಿಚ್ಚಿದ ಸಾಲಿನಲ್ಲೇ ಇಡು. ಹಿಂದಿನಿಂದ ಹಾಕ್ತಾ ಬಂದ್ರೆ ತಪ್ಪೋದಿಲ್ಲ.” ಒಂದು ಸ್ಕ್ರೂ ಅಲುಗಲೇ ಇಲ್ಲ. “ತಿರುಗಿಸೋ ಮೊದ್ಲು ಒತ್ತು. ಮೈ ಭಾರ ಎಲ್ಲ ಬೆರಳಿಗೆ ಬರ್ಲಿ,” ಎಂದಳು. ಒತ್ತಿದೆ. ಟಿಕ್ ಎಂದು ಸಡಿಲವಾಯಿತು.

ಹಳೆಯ ಡಿಸ್ಕ್ ಹೊರಗೆ ಬಂತು, ಇನ್ನೂ ಬೆಚ್ಚಗಿತ್ತು. ಹೊಸದನ್ನು ಕೇಸಿನಿಂದ ಬಿಡಿಸಿ ಅದರ ಜಾಗಕ್ಕೆ ತಳ್ಳಿದೆ. ಕೂರಲಿಲ್ಲ. ಇನ್ನೊಮ್ಮೆ ತಳ್ಳಿದೆ, ಏನೋ ತಾಗುತ್ತಿದೆ. ಬಾಗಿಲಲ್ಲಿ ಆಗಲೇ ನಾಲ್ಕಾರು ಜನ ಹೆಂಗಸರು ಸೇರಿದ್ದರು. “ಹಾಳಾಯ್ತಾ?” ಎಂದು ಯಾರೋ ಕೇಳಿದರು. ಅಂಗಡಿಯಾತ ಹೇಳಿದ ಪಿನ್ನಿನ ಮಾತು ನೆನಪಾಯಿತು. ಜೋರು ಮಾಡಲಿಲ್ಲ. ಎರಡೂ ಡಿಸ್ಕುಗಳನ್ನು ಅಂಗೈ ಮೇಲಿಟ್ಟು ನೋಡಿದೆ. ಹಳೆಯದರ ತುದಿಗೆ ಬೆರಳಗಲದ ಕಪ್ಪು ಪಟ್ಟಿಯೊಂದು ಸಿಕ್ಕಿಸಿತ್ತು. ಡಿಸ್ಕಿನದೇ ಭಾಗ ಎಂದುಕೊಂಡಿದ್ದೆ. ಅಲ್ಲ, ಅದು ಲ್ಯಾಪ್‌ಟಾಪಿನದು, ಎರಡರ ನಡುವಿನ ಕೊಂಡಿ. ಆ ಕಡೆ ಈ ಕಡೆ ಸಮನಾಗಿ ಎಳೆದು ಬಿಡಿಸಿದೆ. ಪಿನ್ನುಗಳು ನೆಟ್ಟಗಿದ್ದವು. ಹೊಸದಕ್ಕೆ ತೊಡಿಸಿ ತಳ್ಳಿದಾಗ ಅದು ಬೆಣ್ಣೆಯಲ್ಲಿ ಬೆರಳಿಟ್ಟಷ್ಟು ಮೆತ್ತಗೆ ಹೋಗಿ ಕೂತಿತು.

ಮುಚ್ಚಳ, ಬ್ಯಾಟರಿ ಹಾಕಿ ಗುಂಡಿ ಒತ್ತಿದೆ. ಕಪ್ಪು ಪರದೆ, ಮೂಲೆಯಲ್ಲಿ ಒಂದು ಗೆರೆ ಮಿಟುಕಿತು. ಆಮೇಲೆ ಎಂದಿನ ಚಿತ್ರ ಬಂತು, ಫೋಲ್ಡರುಗಳು ಬಂದವು, ಮೂರು ಮನೆಯವರ ಮದುವೆಯೂ ಬಂತು, ಎಲ್ಲ ಇಟ್ಟಲ್ಲೇ. ಮೊದಲಾದರೆ ಇಷ್ಟಕ್ಕೇ ಒಂದು ಲೋಟ ಕಾಫಿ ಕುಡಿದು ಮುಗಿಯುತ್ತಿತ್ತು. ಒಂದು ಆಲ್ಬಮಿನ ಪುಟ ಒತ್ತಿದೆ. ಒತ್ತಿದ ಬೆರಳು ಎತ್ತುವಷ್ಟರಲ್ಲೇ ತೆರೆದುಕೊಂಡಿತು. ನಾನು ಅಮ್ಮನ ಕೈ ಹಿಡಿದುಕೊಂಡೆ.

ಆ ಹೊತ್ತಿಗೆ ಕೊರಳಿಗೆ ಕ್ಯಾಮೆರಾ ಹಾಕಿಕೊಂಡ ಗಂಡಸೊಬ್ಬರು ಒಳಗೆ ನುಗ್ಗಿದರು. ಧಾರೆ ಆಗಷ್ಟೇ ಮುಗಿದಿತ್ತು. “ಇಲ್ಲಿ ಕಂಪ್ಯೂಟರ್ ಇದೆ ಅಂದ್ರು. ನನ್ನ ಕಾರ್ಡ್ ತುಂಬಿಹೋಗಿದೆ, ಇನ್ನೊಂದು ಕಾರ್ಡ್ ಎನ್ನಾರ್‌ಪುರದಲ್ಲೇ ಬಿಟ್ಟು ಬಂದೆ. ಸಪ್ತಪದಿ ಶುರುವಾಗ್ತದೆ. ಸ್ವಲ್ಪ ಖಾಲಿ ಮಾಡಿಕೊಡ್ತೀರಾ?”

ದನಿ ಕೇಳಿದ ಕೂಡಲೇ ಗೊತ್ತಾಯಿತು, ಫೋನಿನ ನರಸಿಂಹರಾಜಪುರದವರೇ. “ಶಿವಮೊಗ್ಗದವರು ಇಲ್ಲಿಗೆ ಬಂದಿಲ್ವಾ?” ಎಂದೆ.

ಅವರು ಬಾಯಿ ತೆರೆದು ನಿಂತರು. “ಅಕ್ಕಾ? ನೀವಾ!”

“ಕಾರ್ಡ್ ಕೊಡಿ. ಮುಹೂರ್ತ ಕಾಯಲ್ಲ.”

ಕಾರ್ಡಿನಲ್ಲಿದ್ದದ್ದೆಲ್ಲ ಹೊಸ ಡಿಸ್ಕಿಗೆ ಇಳಿಯಿತು. ಎಲ್ಲ ತೆರೆಯುತ್ತದೆಯೇ ಎಂದು ನೋಡಿ, ಕಾರ್ಡ್ ಖಾಲಿ ಮಾಡಿ ಕೊಟ್ಟೆ. ಅವರು ಸಪ್ತಪದಿಯ ಮೊದಲ ಹೆಜ್ಜೆಗೆ ಸರಿಯಾಗಿ ಮಂಟಪ ಮುಟ್ಟಿದರು.

ಆಗ ನನಗೆ ಅಜ್ಜಿಯ ಕಡೆ ತಿರುಗಬೇಕು ಅನ್ನಿಸಿತು. ಲ್ಯಾಪ್‌ಟಾಪನ್ನು ಎತ್ತಿ ಮಂಚದ ಅಂಚಿನಲ್ಲಿ, ಅವರ ಕಣ್ಣಿಗೆ ನೇರವಾಗಿ ಹಿಡಿದೆ. ಅಂತರಪಟ ಸರಿಯಿತು, ಹುಡುಗಿ ತಲೆಯೆತ್ತಿದಳು, ಹಾರ ಹಾಕಿದಳು, ಅಪ್ಪನ ಕೈ ಮೇಲೆ ಅವಳ ಕೈ, ಮೇಲಿಂದ ಧಾರೆಯ ನೀರು. ಒಂದಾದ ಮೇಲೊಂದು ತಡೆಯಿಲ್ಲದೆ ಬರುತ್ತಿದ್ದವು. ಹಳೆಯ ಡಿಸ್ಕಿನಲ್ಲಾಗಿದ್ದರೆ ಒಂದೊಂದಕ್ಕೂ ಕಾದು ಅಜ್ಜಿ ನಿದ್ದೆ ಹೋಗುತ್ತಿದ್ದರೇನೋ.

“ನಿಲ್ಸು, ನಿಲ್ಸು. ಹಿಂದಿನದು ತೋರಿಸು,” ಎಂದರು ಅಜ್ಜಿ. ನೀರು ಬೀಳುತ್ತಿದ್ದ ಫೋಟೋ. ಬಹಳ ಹೊತ್ತು ನೋಡಿದರು. “ನನ್ನ ಮಗನ ಕಣ್ಣು ತುಂಬಿದೆ, ನೋಡಿದ್ಯಾ?” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಮಂಟಪದಲ್ಲಿ ಕೂತಿದ್ರೂ ಇಷ್ಟು ಹತ್ರದಿಂದ ಕಾಣ್ತಿರಲಿಲ್ಲ.”

ಊಟದ ಪಂಕ್ತಿ ಏಳುವ ಹೊತ್ತಿಗೆ ಆ ಕೋಣೆಯ ತುಂಬ ಜನ. ಆಗತಾನೇ ಆದ ಮದುವೆಯನ್ನು ಮತ್ತೆ ನೋಡಲು ಮದುಮಕ್ಕಳೂ ಬಂದು ಮಂಚದ ಬಳಿ ಮಂಡಿಯೂರಿ ಕೂತರು. ಹುಡುಗಿ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನರಸಿಂಹರಾಜಪುರದವರು ಅದರ ಫೋಟೋ ತೆಗೆದರು. ತೆಗೆದು ನನ್ನ ಹತ್ತಿರ ಬಂದು, “ಈ ಆಲ್ಬಂ ನೀವೇ ಮಾಡಿ ಅಕ್ಕಾ. ಇನ್ನು ಮುಂದಿನದೂ,” ಎಂದರು. ಹೂಂ ಎಂದೆ. ಬಿಗುಮಾನ ಮಾಡೋಣವೆಂದರೆ ನಗು ಬಂದುಬಿಟ್ಟಿತ್ತು.

ಕೊಪ್ಪಕ್ಕೆ ವಾಪಸು ಬರುವ ಬಸ್ಸಿನಲ್ಲಿ ಅಮ್ಮ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೆ, “ನನ್ನ ಮಗಳು ಇವತ್ತು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಒಳಗಿಂದು ಬದಲಾಯಿಸಿ, ಮತ್ತೆ ಹೊಲಿಗೆ ಹಾಕಿದ್ಲು. ಮೊದಲಿಗಿಂತ ಜೋರು ಓಡ್ತದೆ,” ಎನ್ನುತ್ತಿದ್ದಳು. ಆ ಹೆಂಗಸು ನನ್ನನ್ನು ಡಾಕ್ಟರೆಂದು ತಿಳಿದು ತನ್ನ ಮಂಡಿನೋವಿನ ವಿಷಯ ಎತ್ತಿದರು. ಅಮ್ಮ ತಿದ್ದಲಿಲ್ಲ, ನಾನೂ ತಿದ್ದಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತೆ. ಅಷ್ಟು ಹಗುರವಾಗಿ ನಾನು ಯಾವ ಬಸ್ಸಿನಲ್ಲೂ ಕೂತಿರಲಿಲ್ಲ.

ಆ ಸೀಸನ್ ಮುಗಿಯುವುದರೊಳಗೆ ಶೃಂಗೇರಿಯ ಒಬ್ಬ ಮೇಷ್ಟರು ತಮ್ಮ ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದರು. ನಿಧಾನವಾಗಿದೆ, ಡಿಸ್ಕ್ ಬದಲಿಸುತ್ತೀರಂತಲ್ಲ ಎಂದರು. ಆಮೇಲೆ ಒಬ್ಬ ವಕೀಲರು, ಆಮೇಲೆ ಒಂದು ಎಸ್ಟೇಟಿನ ಆಫೀಸಿನವರು. ಮರುವರ್ಷ ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸಣ್ಣ ಮಳಿಗೆ ಹಿಡಿದೆ. ಬಂದವರಲ್ಲಿ ಬಹಳ ಜನ ಮೊದಲು ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, “ರಿಪೇರಿ ಮಾಡೋರು ಇಲ್ವಾ?” ಎಂದು ಕೇಳುತ್ತಿದ್ದರು.

“ಇದ್ದಾರೆ,” ಎನ್ನುತ್ತಿದ್ದೆ. “ಕೂತ್ಕೊಳ್ಳಿ. ಎಂತ ಆಗಿದೆ ಹೇಳಿ.”