ಚಿತ್ರದ ಹೆಂಗಸಿನ ರಕ್ತ

ಯಾವ ವಸ್ತುವನ್ನು ಕೊಳ್ಳುವಾಗಲೂ ‘ಇನ್ನೊಂದ್ಸಲ ನೋಡೋಣ’ ಎನ್ನದೆ ಅವರಿಗೆ ಸಮಾಧಾನವಿರಲಿಲ್ಲ. ಹಾಗಾಗಿ ಕಚೇರಿಯಲ್ಲಿ ಅವರ ಹೆಸರೇ ಇನ್ನೊಂದ್ಸಲ ಎಂದಾಗಿಹೋಗಿತ್ತು. ಖರೀದಿ ವಿಭಾಗ ಎಂದರೆ ಅವರೊಬ್ಬರೇ. ಸ್ಕ್ರೂ, ವೈರು, ರಟ್ಟಿನ ಪೆಟ್ಟಿಗೆ, ಎಲ್ಲವನ್ನೂ ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿ ತರುವ ಮನುಷ್ಯ. ಅಂಥವರ ಕೊರಳಿಗೆ ಒಂದು ದಿನ ಚಿತ್ರ ಬರೆಸುವ ಕೆಲಸ ಬಿತ್ತು.

ಆ ಸಣ್ಣ ಕಂಪನಿ ಮಾಡುತ್ತಿದ್ದದ್ದು ಬೆರಳ ತುದಿಯ ಒಂದು ಹನಿ ರಕ್ತದಿಂದ ಹಿಮೋಗ್ಲೋಬಿನ್ ಅಳೆಯುವ ಯಂತ್ರ. ಅಳತೆ ಸರಿಯಾಗಿಯೇ ಬರುತ್ತಿತ್ತು. ಆದರೆ ಯಂತ್ರಕ್ಕೆ ಇನ್ನೂ ಹೊರಮೈ ಇರಲಿಲ್ಲ; ವೈರುಗಳೆಲ್ಲ ಯಾರದೋ ಹಳೆಯ ಊಟದ ಡಬ್ಬಿಯಲ್ಲಿ ಸಂಸಾರ ಹೂಡಿದ್ದವು. ಆಸ್ಪತ್ರೆಗಳವರು ಬರುವ ಪ್ರದರ್ಶನದಲ್ಲಿ ಡಬ್ಬಿ ಇಡುವುದು ಹೇಗೆ? ಯಂತ್ರ ಮುಂದೆ ಹೀಗಿರುತ್ತದೆ ಎಂದು ತೋರಿಸಲು, ಫೋಟೋ ತೆಗೆದಂತೆಯೇ ಕಾಣುವ ಕಂಪ್ಯೂಟರ್ ಚಿತ್ರ ಬೇಕಿತ್ತು.

“ಆರ್ಡರ್ ಬಂದ್ರೆ ಈ ಚಿತ್ರದಿಂದ್ಲೇ ಬರ್ಬೇಕು. ನೋಡಿದೋರು ನಕ್ಕರೆ ಮಾತ್ರ ನೀವು ವಾಪಸ್ ಸ್ಕ್ರೂ ಎಣಿಸೋಕೆ ಹೋಗಿ,” ಎಂದರು ಯಜಮಾನರು.

ಚಿತ್ರಗಾರ್ತಿ ಮೊದಲು ಕಳಿಸಿದ ಚಿತ್ರದಲ್ಲಿ ಯಂತ್ರ ಕಪ್ಪು ಕತ್ತಲಲ್ಲಿ ಅತ್ತರಿನ ಬಾಟಲಿಯಂತೆ ತೇಲುತ್ತಿತ್ತು. ಇನ್ನೊಂದ್ಸಲ ಅವರು ‘ಇನ್ನೊಂದ್ಸಲ’ ಎಂದರು. ಆಮೇಲೆ ಮೇಜು ಬಂತು, ಕಿಟಕಿಯ ಬೆಳಕು ಬಂತು, ಕೊನೆಗೆ ಬಣ್ಣದ ಉಗುರಿನ, ಕೆಂಪಗೆ ತುಂಬಿಕೊಂಡ ಹೆಂಗಸಿನ ಕೈಯೂ ಬಂತು. ಅದನ್ನು ನೋಡಿ ಅವರಿಗೇ ‘ಇನ್ನೊಂದ್ಸಲ’ ಎನ್ನುವುದು ಮರೆತುಹೋಯಿತು. ಹಿಗ್ಗಿನಿಂದ ಮನೆಗೆ ಒಯ್ದು, ನರ್ಸ್ ಆಗಿದ್ದ ಅಕ್ಕನ ಮುಂದೆ ಹಿಡಿದರು.

ಅಕ್ಕ ಕನ್ನಡಕ ಏರಿಸಿಕೊಂಡಳು. “ಕೈ ಲಕ್ಷಣವಾಗಿದೆ ಕಣೋ. ಆದ್ರೆ ಈಯಮ್ಮನ್ನ ಮೊದ್ಲು ಅಡ್ಮಿಟ್ ಮಾಡ್ಸು.”

“ಯಾಕೆ?”

“ಪರದೆ ಮೇಲೆ 4.2 ಅಂತಿದೆ. ಇಷ್ಟು ಕಮ್ಮಿ ರಕ್ತ ಇದ್ದೋಳು ಉಗುರಿಗೆ ಬಣ್ಣ ಹಚ್ಕೊಂಡು ಕೂತಿರ್ತಾಳಾ? ಕೈ ಬಿಳಿಚಿಕೊಂಡಿರುತ್ತೆ. ಡಾಕ್ಟರುಗಳು ಬಿದ್ದು ಬಿದ್ದು ನಗ್ತಾರೆ.”

ನಗುವ ಮಾತು ಕೇಳಿ ಇನ್ನೊಂದ್ಸಲ ಅವರಿಗೆ ಯಜಮಾನರು ಹೇಳಿದ್ದು ನೆನಪಾಯಿತು. ಬೆಳಿಗ್ಗೆ ಎದ್ದವರೇ ಚಿತ್ರಗಾರ್ತಿಗೆ ಫೋನ್ ಮಾಡಿದರು.

“ಆ ಜಾಗದಲ್ಲಿ ನಾಲ್ಕು ಅಂದವಾಗಿ ಕೂರುತ್ತೆ ಅಂತ ಹಾಕ್ದೆ ಸಾರ್,” ಎಂದಳು ಅವಳು. “ಬೇರೆ ನಂಬರ್ ಹೇಳಿ, ಹಾಕ್ತೀನಿ. ಆದ್ರೆ ಸಂಜೆ ಅಚ್ಚಿಗೆ ಹೋಗುತ್ತೆ. ಇನ್ನೊಂದ್ಸಲ ಅನ್ಬೇಡಿ, ಕೈ ಮುಗೀತೀನಿ.”

ಕಚೇರಿಯಲ್ಲಿ ಕೇಳಿದರೆ ತಲೆಗೊಂದು ಮಾತು. ಮಾರಾಟದವನಿಗೆ ಏಳು ಬೇಕು: ಯಂತ್ರ ರೋಗ ಹಿಡಿದುಕೊಟ್ಟಂತೆ ಕಾಣಬೇಕಂತೆ. ಎಂಜಿನಿಯರಿಗೆ ದಶಾಂಶ ಬಿಂದುವಿನ ನಂತರ ಎರಡು ಅಂಕಿ ಇಲ್ಲದಿದ್ದರೆ ಅವಮಾನ. ಲೆಕ್ಕದ ಮೇಡಂ ಮಾತ್ರ, “ಪಾಪ, ಚಿತ್ರದಲ್ಲಾದ್ರೂ ಆಯಮ್ಮ ಆರೋಗ್ಯವಾಗಿರ್ಲಿ ಬಿಡಿ,” ಎಂದರು. ಮಧ್ಯಾಹ್ನವಾದರೂ ಯಾವುದೂ ತೀರ್ಮಾನವಾಗದೆ ಮತ್ತೆ ಅಕ್ಕನಿಗೇ ಫೋನ್ ಹೋಯಿತು.

“ಸುಮ್ನೆ ಹುಟ್ಟಿಸಿದ ನಂಬರ್ ಯಾಕೋ? ಡಬ್ಬಿ ಇದ್ಯಲ್ಲ, ಯಾರದಾದ್ರೂ ಬೆರಳು ಚುಚ್ಚಿ, ಬಂದಿದ್ದು ಹಾಕು!”

ಆಗ ನೋಡಬೇಕಿತ್ತು ಆ ಕಚೇರಿಯ ಚೆಂದ. ‘ಇರುವೆ ಕಚ್ಚಿದಷ್ಟೂ ನೋಯಲ್ಲ’ ಎಂದು ಊರೆಲ್ಲ ಹೇಳಿಕೊಂಡು ತಿರುಗುವ ಮಾರಾಟದವನಿಗೆ ಇದ್ದಕ್ಕಿದ್ದಂತೆ ಫೋನ್ ಬಂತು. ಮೇಡಂ, “ನಂದು ಟೈಪ್ ಮಾಡೋ ಬೆರಳಪ್ಪ,” ಎಂದು ಎರಡೂ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಎಂಜಿನಿಯರ್ ಚುಚ್ಚಲು ಸಿದ್ಧ, ಚುಚ್ಚಿಸಿಕೊಳ್ಳಲು ಅಲ್ಲ.

ಉಳಿದವರು ಇನ್ನೊಂದ್ಸಲ ಅವರೊಬ್ಬರೇ. ಶಾಲೆಯಲ್ಲಿ ಲಸಿಕೆ ಹಾಕುವ ದಿನ ಮರ ಹತ್ತಿ ಕೂತು, ಮೇಷ್ಟರಿಂದ ಇಳಿಸಿಕೊಂಡವರು ಅವರು. ಗಡಿಯಾರ ನೋಡಿದರು. ಬಾಗಿಲು ನೋಡಿದರು. ಕೊನೆಗೆ ಗೋಡೆಯತ್ತ ಮುಖ ತಿರುಗಿಸಿ ಬೆರಳು ಚಾಚಿದರು. “ತಡಿಯಪ್ಪಾ, ಆ ಸೂಜಿನ ಇನ್ನೊಂದ್ಸಲ ನೋಡೋಣ...”

“ಚುಚ್ಚಿ ಆಯ್ತು ಸಾರ್,” ಎಂದ ಎಂಜಿನಿಯರ್.

ಡಬ್ಬಿ 10.9 ಎಂದಿತು. ಸಂಜೆಯೊಳಗೆ ಆ ಸಂಖ್ಯೆ ಬಣ್ಣದ ಉಗುರಿನ ಪಕ್ಕ ಹೋಗಿ ಕೂತಿತು. ಸುದ್ದಿ ಕೇಳಿದ ಅಕ್ಕ, “ಚಿತ್ರದೋಳನ್ನ ಬಿಡು, ಗಂಡಸರಿಗೆ ಹದಿಮೂರಾದ್ರೂ ಇರ್ಬೇಕು. ಈಗ ನೀನು ನಡಿ,” ಎಂದು ಅವರನ್ನು ವೈದ್ಯರ ಬಳಿ ಎಳೆದೊಯ್ದು ಕಬ್ಬಿಣದ ಮಾತ್ರೆ ಬರೆಸಿದಳು.

ಪ್ರದರ್ಶನದಲ್ಲಿ ಹಿರಿಯ ವೈದ್ಯೆಯೊಬ್ಬರು ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಯಜಮಾನರೂ ಇನ್ನೊಂದ್ಸಲ ಅವರೂ ಪಕ್ಕದಲ್ಲೇ ನಿಂತು ಕಾದರು.

“ಎಲ್ಲರೂ ಚಿತ್ರದಲ್ಲಿ ಏನೇನೋ ನಂಬರ್ ಹಾಕಿರ್ತಾರೆ. ಇದು ದಿನಾ ನಾವು ನೋಡೋ ಥರಾನೇ ಇದೆ,” ಎಂದ ವೈದ್ಯೆ ತಮಾಷೆಗೆ ಕೇಳಿದರು, “ಪಾಪ, ಈಕೆ ಮಾತ್ರೆ ತಗೊಳ್ತಿದ್ದಾಳಾ?”

“ತಗೊಳ್ತಾ ಇದ್ದೀನಿ ಮೇಡಂ, ದಿನಾ ಊಟ ಆದ್ಮೇಲೆ,” ಎಂದುಬಿಟ್ಟರು ಇನ್ನೊಂದ್ಸಲ ಅವರು.

ವೈದ್ಯೆ ಬಣ್ಣದ ಉಗುರನ್ನು ನೋಡಿದರು, ಅವರ ಮೀಸೆಯನ್ನು ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇನ್ನೊಂದ್ಸಲ ಅವರ ಕಣ್ಣ ಮುಂದೆ ಸ್ಕ್ರೂಗಳ ರಾಶಿ ಸುಳಿಯಿತು. ನಗು ನಿಂತ ಮೇಲೆ ವೈದ್ಯೆ ಕಣ್ಣೊರೆಸಿಕೊಂಡು, “ಮಾಡಿದೋರೇ ಬೆರಳು ಕೊಟ್ಟಿದ್ದೀರಿ ಅಂದ್ರೆ ನೋಡಬಹುದು. ನಮ್ಮ ಆಸ್ಪತ್ರೆಗೆ ಯಾವಾಗ ತಂದು ತೋರಿಸ್ತೀರಿ?” ಎಂದರು.

ಅವರು ಆಚೆ ಹೋಗುತ್ತಲೇ ಯಜಮಾನರು ಇನ್ನೊಂದ್ಸಲ ಅವರ ಬೆನ್ನು ತಟ್ಟಿದರು. “ಮುಂದಿನ ಚಿತ್ರಾನೂ ನೀವೇ ಬರೆಸಿ.”

“ಆಗ್ಲಿ ಸಾರ್. ನಂಬರ್?”

“ಅದೂ ನಿಮ್ದೇ.”

ಇನ್ನೊಂದ್ಸಲ ಅವರು ಚುಚ್ಚಿಸಿಕೊಂಡ ಬೆರಳನ್ನೊಮ್ಮೆ ನೋಡಿಕೊಂಡರು. ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡರು.