ಸ್ಕ್ರೀನ್ ಬಂದ್ ಮಾಡಿ ತೋರಿಸ್ರಿ!

“ಭಾಯಿ, ಸ್ಕ್ರೀನ್ ಬಂದ್ ಮಾಡಿ ತೋರಿಸ್ರಿ.”

ಬೀದರಿನ ಲ್ಯಾಪ್‌ಟಾಪ್ ಅಂಗಡಿಯಲ್ಲಿ ನನ್ನಕ್ಕ ಹೀಗೆಂದಾಗ ಮಾಲೀಕ ರಫೀಕ್ ಭಾಯಿ ತಬ್ಬಿಬ್ಬಾದರು. ಅಲ್ಲಿಯವರೆಗೆ ಅವರು ಬಣ್ಣ, ಹೊಳಪು ಅಂತ ಪರದೆಯನ್ನೇ ಹೊಗಳುತ್ತಿದ್ದರು. ಅಕ್ಕನಿಗೆ ಕಣ್ಣು ಕಾಣದು ಎಂದು ಹೊಳೆದದ್ದೇ ತಡ, “ಮಾಫ್ ಮಾಡ್ರಿ ಅಕ್ಕೋರ” ಎಂದರು.

“ಅದರಾಗೇನದ? ದನಿ ಕೇಳಸ್ರಿ, ಸಾಕು.”

ಸುಜಾತಕ್ಕ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾಳೆ. ಭಾಲ್ಕಿಯಲ್ಲಿ ಇರುವಷ್ಟು ದಿನ ಹುಡುಗರ ಅಸೈನ್‌ಮೆಂಟ್ ಓದಿ ಹೇಳಲು ಮನೆಮಂದಿ ಇದ್ದರು. ಈಗ ಔರಾದಿಗೆ ವರ್ಗವಾಗಿದೆ, ಅಲ್ಲಿ ಒಬ್ಬಳೇ. “ಓದಿ ಹೇಳೋರು ಯಾರು? ನೌಕರಿ ಬಿಡು” ಎನ್ನುವವರು ಮನೆಯಲ್ಲೇ ಇದ್ದಾರೆ. (ನಾನಲ್ಲ, ಭಾವ!) ಅಕ್ಕ ಬಿಡುವವಳಲ್ಲ. ಹುಡುಗರು ಟೈಪ್ ಮಾಡಿ ಕಳಿಸಲಿ, ಲ್ಯಾಪ್‌ಟಾಪ್ ಓದಲಿ ಎಂದು ಹೊರಟು ಬಂದಿದ್ದಳು.

ಮ್ಯಾಕೋ, ವಿಂಡೋಸೋ? ನಾನು ಮ್ಯಾಕ್ ಪಾರ್ಟಿ. ಡಿಸೈನ್ ನೋಡು, ಲುಕ್ ನೋಡು ಅಂತ ದಾರಿಯುದ್ದಕ್ಕೂ ವಕಾಲತ್ತು ಮಾಡಿದ್ದೆ. (ಯಾರಿಗೆ ಹೇಳುತ್ತಿದ್ದೆ ನೋಡಿ!)

ಎರಡರ ದನಿ ಪರೀಕ್ಷೆಗೆ ಅಕ್ಕ ಆರಿಸಿದ್ದು ಪತ್ರಿಕೆಗೆ ನಾನು ಬರೆಯುವ ನಗೆ ಅಂಕಣ, ಹೋದ ವಾರದ್ದು. ಪ್ರತಿ ವಾರ ಫೋನಿನಲ್ಲಿ ನಾನು ಅದನ್ನು ಓದುವುದು, ಅವಳು ಬಿದ್ದುಬಿದ್ದು ನಗುವುದು ನಮ್ಮ ರೂಢಿ. ಆ ವಾರದ್ದು ಓದುವುದು ತಪ್ಪಿತ್ತು.

ಮ್ಯಾಕ್ ಇಂಪಾಗಿ ಓದಿತು. ವಿಂಡೋಸ್‌ಗೆ ಹಾಕಿದ, ಓದಿ ಹೇಳುವ ಪುಕ್ಕಟೆ ಸಾಫ್ಟ್‌ವೇರ್‌ನ ದನಿ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತಿತ್ತು. ನಾನು ಗೆದ್ದೆ ಎಂದುಕೊಂಡೆ.

“ಈಗ ಎರಡೂ ಜೋರ್ ಓಡಸ್ರಿ,” ಎಂದಳು ಅಕ್ಕ.

ವೇಗ ಏರಿತು. ಇನ್ನೂ ಏರಿತು. ನನಗೂ ಭಾಯಿಗೂ ಕೇಳಿಸಿದ್ದು ಬರೀ ಗಿರ್ರ್ ಎನ್ನುವ ಸದ್ದು. ಅಕ್ಕ ಮಾತ್ರ ಆರಾಮಾಗಿ ತಲೆಯಾಡಿಸುತ್ತ ಕೂತಿದ್ದಳು!

“ಇಂಪಿನ ದನಿ ಓಡಿದ್ರ ನನಗ ಅಕ್ಷರ ಒಂದಕ್ಕೊಂದು ಅಂಟ್ತಾವ. ಈ ಡಬ್ಬಿ ದನಿ ಬಿಡಿಬಿಡಿ ಕೇಳ್ತದ. ಅಸೈನ್‌ಮೆಂಟ್ ರಾಶಿ ಬಿದ್ದಾವ, ಹಾಡು ಕೇಳ್ಕೋತ ಕೂಡಲೇನು? ಇದನ್ನೇ ಕಟ್ರಿ ಭಾಯಿ.”

“ಇಂಥಾ ಗಿರಾಕಿ ನಾ ನೋಡೇ ಇಲ್ರಿ,” ಎಂದರು ರಫೀಕ್ ಭಾಯಿ. ನನಗಂತೂ ಹೆಮ್ಮೆಯೋ ಹೆಮ್ಮೆ. ನಾವೆಲ್ಲ ಹೊಳಪು ನೋಡಿ ಕೊಳ್ಳುತ್ತೇವೆ, ಪಕ್ಕದ ಮನೆಯವರನ್ನು ನೋಡಿ ಕೊಳ್ಳುತ್ತೇವೆ. ತನಗೆ ಏನು ಬೇಕೆಂದು ಇಷ್ಟು ಸ್ಪಷ್ಟವಾಗಿ ಬಲ್ಲವರು ಎಷ್ಟು ಜನ? ಔರಾದಿನ ಹುಡುಗರು ಪುಣ್ಯವಂತರು.

ಒಂದೇ ಕೊರಗು. ಅಂಕಣ ಪೂರ್ತಿ ಕೇಳಿದರೂ ಅಕ್ಕ ಒಮ್ಮೆಯೂ ನಕ್ಕಿರಲಿಲ್ಲ. ಆಟೊದಲ್ಲಿ ತಡೆಯಲಾರದೆ, “ಹ್ಯಾಂಗಿತ್ತು ಅಕ್ಕಾ?” ಎಂದೆ.

“ನೀ ಓದಿದಾಗ ಭಾಳ ಚಲೋ ಅನಸ್ತಿತ್ತಲ್ಲೋ ತಮ್ಮಾ!”