ಪಿಳ್ಳಪ್ಪನವರ ಆರನೇ ಹಲಗೆ

ಪಿಳ್ಳಪ್ಪನವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಹೊಂಗೆ ಎಲೆ ಇರುತ್ತಿತ್ತು. ದೊಡ್ಡನೆಕ್ಕುಂದಿಯಲ್ಲಿ ನಾನು ಕೆಲಸ ಮಾಡುವ ಬಾಗಿಲು ಕಾರ್ಖಾನೆಗೆ ಬರುವಾಗ ದಾರಿಯಲ್ಲೇ ಕಿತ್ತು ತರುತ್ತಿದ್ದರು. ಅದನ್ನು ಬೆಳಕಿಗೆ ಹಿಡಿದು ನೋಡಿದ ಮೇಲೇ ಉಳಿ ಮುಟ್ಟುವುದು. ಅವರು ಚೈತ್ರದಲ್ಲಿ ಕೆತ್ತಿದ ಎಲೆ ಎಳೆಯದಾಗಿ ಬಾಗಿರುತ್ತಿತ್ತು; ಆಷಾಢದ್ದು ಗಾಳಿಗೆ ಮಗುಚಿಕೊಂಡಿರುತ್ತಿತ್ತು.

ಒಮ್ಮೆ ಗಿರಾಕಿಯೊಬ್ಬರು ದೇವರಮನೆ ಬಾಗಿಲು ನೋಡಿ, "ಎಲೇಲಿ ಯಾಕ್ರೀ ತೂತು?" ಎಂದು ಮುಖ ಸಿಂಡರಿಸಿದರು.

"ಶ್ರಾವಣದಲ್ಲಿ ಉಳ ತಿನ್ನದಿರೋ ಒಂದು ಒಂಗೆ ಎಲೆ ತಂದ್ಕೊಡಿ ಸಾರ್, ಅಂಗೇ ಕೆತ್ಕೊಡ್ತೀನಿ" ಎಂದರು ಪಿಳ್ಳಪ್ಪ. ಗಿರಾಕಿ ನಕ್ಕು ಅದನ್ನೇ ಒಯ್ದರು.

ಬಿಡುವಿದ್ದಾಗ ಅವರು ತಮಗಾಗಿಯೇ ಆರು ಋತುಗಳನ್ನು ಆರು ತೇಗದ ಹಲಗೆಗಳಲ್ಲಿ ಕೆತ್ತುತ್ತಿದ್ದರು. ಐದು ಮುಗಿದಿದ್ದಾಗ ಕೆತ್ತನೆಯ ಯಂತ್ರ ಬಂತು. ನಡೆಸುವವಳು ನಾನು. ಆ ಹಲಗೆಗಳನ್ನು ಸ್ಕ್ಯಾನ್ ಮಾಡಲು ಮಾಲೀಕರು ಹೇಳಿದರು. ನಾನು ಪಿಳ್ಳಪ್ಪನವರ ಬಳಿ ಹೋಗಿ, "ಹಾಳಾಗ್ಬಾರ್ದು ಅಂತ ಕಂಪ್ಯೂಟರ್‌ನಲ್ಲಿ ತೆಗೆದಿಡ್ತೀವಿ ಅಣ್ಣ" ಎಂದೆ. ಆ ಸುಳ್ಳು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ. ಅವರು ಟವೆಲಿನಿಂದ ಧೂಳು ಒರೆಸಿ, ಒಂದೊಂದಾಗಿ ತಂದುಕೊಟ್ಟರು.

ಹುಳ ತಿಂದ ತೂತುಗಳನ್ನು ನಾನು ಕಂಪ್ಯೂಟರಿನಲ್ಲಿ ಅಳಿಸಿದೆ. ಯಂತ್ರ ಅವೇ ಎಲೆಗಳನ್ನಿಟ್ಟು ದಿನಕ್ಕೆ ನಾಲ್ಕು ಬಾಗಿಲು ಕೆತ್ತತೊಡಗುವ ಹೊತ್ತಿಗೆ, ಕೈಕೆಲಸಕ್ಕೆ ಆರ್ಡರ್ ಇಲ್ಲವೆಂದು ಅವರನ್ನು ಮನೆಗೆ ಕಳಿಸಿಯಾಗಿತ್ತು.

ಮಾಘದಲ್ಲಿ ಒಂದು ದಿನ ಅವರು ಗೇಟಿನ ಬಳಿ ನಿಂತಿದ್ದರು. ಸೊರಗಿ ಇಳಿದುಹೋಗಿದ್ದರು. ಕಂಕುಳಲ್ಲಿ ಗೋಣಿಚೀಲ ಸುತ್ತಿದ ಹಲಗೆ.

"ಆರನೇದು ಬಾಕಿ ಇತ್ತಲ್ಲ ತಾಯಿ. ಆ ಐದೂ ಜೋಪಾನವಾಗೈತಾ?"

"ಇದೆ ಅಣ್ಣ."

"ಇದನ್ನೂ ಅವುಗಳ ಜೊತೆ ಇಟ್ಬುಡು."

ಗೋಣಿ ಸರಿಸಿ ನೋಡಿದೆ. ಎಲೆಗಳೆಲ್ಲ ಉದುರಿದ ಕೊಂಬೆ. ತುದಿಯಲ್ಲಿ ಒಂದೇ ಒಂದು ಒಣಗಿದ ಕಾಯಿ. ಟೀ ಕುಡಿದು ಹೋಗಿ ಎಂದು ನಾನು ಕರೆಯಲಿಲ್ಲ. ಒಳಗೆ ಬಂದರೆ ಗೋಡೆಗೆ ಒರಗಿಸಿಟ್ಟ ಬಾಗಿಲುಗಳು ಕಾಣುತ್ತಿದ್ದವು. ಗೇಟಿಗೆ ಅಡ್ಡವಾಗಿಯೇ ನಿಂತಿದ್ದೆ. ಅವರು ಮೆಲ್ಲಗೆ ಬಸ್‌ಸ್ಟಾಪಿನತ್ತ ನಡೆದರು. ಸಂಜೆ, ಮಾಲೀಕರು ಕೇಳುವ ಮೊದಲೇ, ಆ ಹಲಗೆಯನ್ನೂ ಸ್ಕ್ಯಾನರ್ ಕೆಳಗಿಟ್ಟೆ.

ಯುಗಾದಿಗೆ ವಾರವಿರುವಾಗ ಪಿಳ್ಳಪ್ಪ ತೀರಿಕೊಂಡರು. ಮನೆಗೆ ಹೋದಾಗ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, ನೆರೆದವರಿಗೆ ನನ್ನನ್ನು ತೋರಿಸಿದರು.

"ಇವಳೇ ಕಣ್ರೀ. ನಮ್ಮೋರು ಕೆತ್ತಿದ್ನೆಲ್ಲಾ ಕಾಪಾಡ್ತಿರೋಳು ಇವಳೇ."

ನಾನು ಕೈ ಬಿಡಿಸಿಕೊಳ್ಳಲಿಲ್ಲ. ಹೌದೆಂಬಂತೆ ತಲೆಯಾಡಿಸಿದೆ.